ಡಂಬಳದ ತಾರಾದೇವಿ, ಮುಂಡಗೋಡದ ಲಾಮಾ ಕ್ಯಾಂಪು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಇತಿಹಾಸದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಮ್ಮೂರ ಗುಡಿ, ಅಗಸಿ, ವೀರಗಲ್ಲುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆಂದು ನನಗೆ ಗೊತ್ತಿತ್ತು. ಆದ್ದರಿಂದ ನಾನು ನೆರೆಯವರ ವಿಷಯ ತೆಗೆದುಕೊಂಡಿದ್ದೇನೆ. ಈ ನೆರೆಯವರು ನಮ್ಮ ಶಾಲೆಗಿಂತ ನಾಲ್ಕಾರು ವರ್ಷ ಮೊದಲೇ ನಮ್ಮ ಮಗ್ಗುಲಿನ ಅಡವಿಗೆ ಬಂದು ನೆಲೆಸಿದವರು. ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಅವರ ಹತ್ತಿರ ಸ್ವೆಟರ್ ಕೊಂಡವರು ನಮ್ಮಲ್ಲಿ ಎಷ್ಟೋ ಜನ. ಅವರ ಮಠಕ್ಕೆ ಹೋಗಿ ಕುಳಿತು ಬಂದವರು ಮಾತ್ರ ಕಡಿಮೆ.

ಸಮಾಜ ವಿಜ್ಞಾನದ ಮಾಸ್ತರನಾಗಿ ನಾನು ಬುದ್ಧನ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಲುಂಬಿನಿ, ಬೋಧಗಯಾ, ಸಾರನಾಥ, ಕುಶಿನಗರ, ಅಷ್ಟಾಂಗ ಮಾರ್ಗ, ಅಶೋಕ, ಮುಗಿಯಿತು. ಪಾಠ ಓದಿದ ಹುಡುಗರಿಗೆ ಬೌದ್ಧ ಧರ್ಮವೆಂದರೆ ಉತ್ತರದಲ್ಲಿ ಹುಟ್ಟಿ, ಉತ್ತರದಲ್ಲಿ ಬೆಳೆದು, ಚೀನಾ ಜಪಾನಿಗೆ ಹೋದದ್ದು ಎಂದೇ ಅನಿಸುತ್ತದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ನಮ್ಮ ಕಡೆ ಬುದ್ಧಗ ಯಾರೂ ನಡಕೊಂತಿದ್ದಿಲ್ಲೇನ್ರೀ?" ಎಂದು ಕೇಳಿದ್ದ. ನಡೆದುಕೊಳ್ಳುವುದು ಎಂಬ ಮಾತು ನಮ್ಮ ಕಡೆಯದು. ಎಲ್ಲಮ್ಮಗೆ ನಡಕೊಳ್ಳುತ್ತೇವೆ, ವೀರಭದ್ರಗೆ ನಡಕೊಳ್ಳುತ್ತೇವೆ. ಆ ಹುಡುಗನ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ. ನಡೆದುಕೊಳ್ಳುತ್ತಿದ್ದರು. ಅದಕ್ಕೆ ಕಲ್ಲಿನ ಮೇಲೆ ಬರೆದ ಆಧಾರವೇ ಇದೆ.

ಎಲ್ಲಕ್ಕಿಂತ ಹಳೆಯದು ಬನವಾಸಿ. ಸಿಂಹಳದ ಮಹಾವಂಶದಲ್ಲಿ, ಅಶೋಕನ ಕಾಲದಲ್ಲಿ ರಕ್ಖಿತ ಎಂಬ ಥೇರನನ್ನು ವನವಾಸ ಪ್ರದೇಶಕ್ಕೆ ಧರ್ಮಪ್ರಚಾರಕ್ಕೆ ಕಳಿಸಿದ ವಿಷಯ ಬರುತ್ತದೆ. ವನವಾಸವೆಂದರೆ ನಮ್ಮ ಬನವಾಸಿಯ ನಾಡೆಂದು ಹೇಳುತ್ತಾರೆ. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬನವಾಸಿಯ ಮಧುಕೇಶ್ವರ ದೇವಾಲಯದಲ್ಲೇ ಇದೆ. ಅಲ್ಲಿಯ ಐದು ಹೆಡೆಯ ನಾಗನ ಕಲ್ಲಿನ ಮೇಲಿರುವ ಪ್ರಾಕೃತ ಶಾಸನ ಚುಟು ಶಾತಕರ್ಣಿಗಳ ಕಾಲದ್ದು. ಶಿವಸ್ಕಂದನಾಗಶ್ರೀ ಎಂಬ ರಾಜಕುಮಾರಿ ಒಂದು ನಾಗ, ಒಂದು ಕೆರೆ, ಒಂದು ವಿಹಾರ ಮೂರನ್ನೂ ದಾನವಾಗಿ ಮಾಡಿಸಿದಳೆಂದು ಅದು ಹೇಳುತ್ತದೆ. ನಾಗನನ್ನು ಕೆತ್ತಿದ ಶಿಲ್ಪಿ ನಟಕನ ಹೆಸರೂ ಅದರಲ್ಲಿದೆ. ನಮ್ಮಲ್ಲಿ ಬನವಾಸಿಗೆ ಹೋದವರೆಲ್ಲ ಮಧುಕೇಶ್ವರನಿಗೆ ಕೈಮುಗಿದು, ದೊಡ್ಡ ನಂದಿಯ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಇನ್ನು ಮುಂದೆ ಹೋದವರು ಆ ನಾಗನ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು.

ಸುಮಾರು ಕ್ರಿ.ಶ. 640ರಲ್ಲಿ ದಕ್ಷಿಣಕ್ಕೆ ಬಂದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಕೊಂಕಣಪುರ ಎಂಬ ರಾಜ್ಯವನ್ನು ಹೊಕ್ಕು, ಅಲ್ಲಿ ನೂರಕ್ಕೂ ಹೆಚ್ಚು ವಿಹಾರಗಳೂ ಸುಮಾರು 10,000 ಭಿಕ್ಷುಗಳೂ ಇದ್ದರೆಂದು ಬರೆದಿದ್ದಾನೆ. ಊರಿನ ಉತ್ತರಕ್ಕೆ ತಾಳೆಮರಗಳ ಅಡವಿ ಇತ್ತಂತೆ. ಅದರ ಗರಿಗಳನ್ನು ಬರೆಯಲಿಕ್ಕೆ ದೇಶದ ಎಲ್ಲ ಕಡೆ ಬಳಸುತ್ತಿದ್ದರಂತೆ. ಈ ಕೊಂಕಣಪುರ ಯಾವ ಊರು ಎಂಬುದರಲ್ಲಿ ಪಂಡಿತರ ನಡುವೆ ಜಗಳವಿದೆ. ಬನವಾಸಿ ಎನ್ನುವವರೂ ಇದ್ದಾರೆ, ಆನೆಗೊಂದಿ ಎನ್ನುವವರೂ ಇದ್ದಾರೆ. ಯಾವುದಾದರೂ ಆಗಲಿ, ಚೀನಾದಿಂದ ಪುಸ್ತಕ ಹುಡುಕಿಕೊಂಡು ಬಂದವನು ನಮ್ಮ ನಾಡಿನ ಕಡೆಗೆ ತಿರುಗಿದ್ದು ಇಲ್ಲಿ ಓದುವ ಭಿಕ್ಷುಗಳಿದ್ದರು ಎಂಬ ಕಾರಣಕ್ಕೆ.

ನನಗೆ ಬಹಳ ಹಿಡಿಸಿದ್ದು ಡಂಬಳ. 1997ರಲ್ಲಿ ಗದಗ ಜಿಲ್ಲೆ ಆಗುವವರೆಗೆ ಡಂಬಳ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. ಇವತ್ತು ಅಲ್ಲಿಗೆ ಹೋದವರು ನೋಡುವುದು ನಕ್ಷತ್ರದಾಕಾರದ ದೊಡ್ಡಬಸಪ್ಪನ ಗುಡಿಯನ್ನು. ಆದರೆ ಈ ಊರಿನ ಹಳೆಯ ಹೆಸರು ಧರ್ಮವೊಳಲು. ಕ್ರಿ.ಶ. 1095ರ ಶಾಸನವೊಂದು ಇಲ್ಲಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ್ದು. ಆಗ ಈ ಊರಿನ ಆಡಳಿತ ರಾಣಿ ಲಕ್ಷ್ಮಾದೇವಿಯ ಕೈಯಲ್ಲಿತ್ತು. ಶಾಸನದಲ್ಲಿ ಎರಡು ವಿಹಾರಗಳ ಮಾತು ಬರುತ್ತದೆ. ಒಂದನ್ನು ಇದೇ ಊರಿನ ಹದಿನಾರು ಜನ ಸೆಟ್ಟರು ಕೂಡಿ ಬುದ್ಧನಿಗೆ ಕಟ್ಟಿಸಿದ್ದು. ಇನ್ನೊಂದನ್ನು ಲೊಕ್ಕಿಗುಂಡಿಯ, ಅಂದರೆ ಲಕ್ಕುಂಡಿಯ, ಸಂಗವಯ್ಯ ಸೆಟ್ಟಿ ಎಂಬ ದೊಡ್ಡ ವ್ಯಾಪಾರಿ ಆರ್ಯ ತಾರಾದೇವಿಗೆ ಕಟ್ಟಿಸಿದ್ದು. ಹೆಸರು ನೋಡಿರಿ: ಸಂಗವಯ್ಯ. ನಮ್ಮ ಸಂಗಪ್ಪ, ಸಂಗಯ್ಯ, ಸಂಗನಗೌಡರ ಸಾಲಿಗೆ ಹೊಂದುವ ಅಚ್ಚ ಈ ಕಡೆಯ ಹೆಸರು. ಕಟ್ಟಿಸಿದವನು ಪರದೇಶದ ಭಿಕ್ಷುವಲ್ಲ, ಉತ್ತರದ ಅರಸನೂ ಅಲ್ಲ.

ಆ ಸೆಟ್ಟರು ತಾರೆಗೆ ಯಾಕೆ ನಡೆದುಕೊಳ್ಳುತ್ತಿದ್ದರು? ಶಾಸನದ ಮೊದಲಿಗೆ ಬರುವ ಸ್ತುತಿಯಲ್ಲೇ ಅದಕ್ಕೆ ಉತ್ತರವಿದೆ. ಎಂಟು ಭಯಗಳನ್ನು ಕಳೆಯುವವಳು ಎಂದು ತಾರೆಯನ್ನು ಅಲ್ಲಿ ಹೊಗಳಿದೆ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ಸಮುದ್ರ, ಪಿಶಾಚಿ. ಈ ಪಟ್ಟಿಯನ್ನು ಮನೆಯಲ್ಲಿ ಕುಳಿತವನ ಕಣ್ಣಿನಿಂದ ನೋಡಬೇಡಿರಿ. ಹೇರಿನೆತ್ತು ಹೊಡೆದುಕೊಂಡು ಘಟ್ಟ ಇಳಿಯುವ ವ್ಯಾಪಾರಿಯ ಕಣ್ಣಿನಿಂದ ನೋಡಿರಿ. ಅಡವಿಯಲ್ಲಿ ಆನೆ, ದಾರಿಯಲ್ಲಿ ಕಳ್ಳರು, ಪರರಾಜ್ಯದಲ್ಲಿ ಸಂಕೋಲೆ, ಬಂದರಿನ ಆಚೆ ಸಮುದ್ರ. ತಾರೆ ಎಂದರೆ ದಾಟಿಸುವವಳು. ದಾರಿಯ ಮೇಲೆ ಬದುಕುವವರಿಗೆ ಹೇಳಿ ಮಾಡಿಸಿದ ದೇವಿ. ಇದೇ ಕಾಲಕ್ಕೆ, 1065ರಲ್ಲಿ, ಬಳ್ಳಿಗಾವೆಯಲ್ಲಿಯೂ ರೂಪಭಟ್ಟಯ್ಯನೆಂಬ ದಂಡನಾಯಕ ಬೌದ್ಧ ವಿಹಾರ ಕಟ್ಟಿಸಿ ತಾರಾ ಭಗವತಿಯ ಪೂಜೆಗೆ ದತ್ತಿ ಬಿಟ್ಟಿದ್ದಾನೆ.

ಆಮೇಲೆ ಈ ವಿಹಾರಗಳು ಸುಮ್ಮನಾದವು. ಯಾರೋ ಬಂದು ಸುಟ್ಟರು, ಕೆಡವಿದರು ಎಂದು ಒಂದೇ ಮಾತಿನಲ್ಲಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಜೈನರು ಉಳಿದರು, ಯಾಕೆಂದರೆ ಬಸದಿಯ ಹಿಂದೆ ಜೈನ ಮನೆತನಗಳಿದ್ದವು. ವಿಹಾರದ ಹಿಂದೆ ಇದ್ದದ್ದು ಹೆಚ್ಚಾಗಿ ವ್ಯಾಪಾರಿಗಳ ದುಡ್ಡು. ಸೆಟ್ಟರ ಮಕ್ಕಳು ಶಿವನ ಕಡೆಗೆ, ಮುಂದೆ ಶರಣರ ಕಡೆಗೆ ಹೊರಳಿದ ಮೇಲೆ ಭಿಕ್ಷುಗಳಿಗೆ ಅನ್ನ ಹಾಕುವವರು ಇಲ್ಲದಾಗಿರಬೇಕೆಂದು ನನ್ನ ಅಭಿಪ್ರಾಯ. ಪಂಪ, ರನ್ನರ ಜೈನ ಕಾವ್ಯಗಳು ನಮ್ಮ ಕೈಗೆ ಬಂದಿವೆ. ಶರಣರ ವಚನಗಳು ಬಂದಿವೆ. ಹಳಗನ್ನಡದಲ್ಲಿ ಬೌದ್ಧ ಕಾವ್ಯ ಒಂದೂ ಉಳಿದಿಲ್ಲ. ಓದುವವರು ಹೋದರೆ ಪುಸ್ತಕವೂ ಹೋಗುತ್ತದೆ. ಸುಮಾರು ಎಂಟುನೂರು ವರ್ಷ ನಮ್ಮ ಭಾಗದಲ್ಲಿ ತಾರೆಯ ಹೆಸರು ಹಿಡಿದು ದೀಪ ಹಚ್ಚುವವರು ಇರಲಿಲ್ಲ.

ಮತ್ತೆ ದೀಪ ಹಚ್ಚಿದವರು ಬಂದದ್ದು ಟಿಬೆಟ್ಟಿನಿಂದ.

ಟಿಬೆಟ್ಟಿನ ದೊಡ್ಡ ಮಠಗಳೆಂದರೆ ಲಾಸಾದ ಸುತ್ತಲಿನ ಮೂರು. ಚೋಂಖಾಪಾ ಎಂಬ ಗುರು 1409ರಲ್ಲಿ ಗಾಂಡೆನ್ ಕಟ್ಟಿದ. ಅವನ ಶಿಷ್ಯರು 1416ರಲ್ಲಿ ಡ್ರೆಪುಂಗ್, 1419ರಲ್ಲಿ ಸೆರಾ ಕಟ್ಟಿದರು. ನಮ್ಮ ಕಡೆ ವಿಜಯನಗರದ ದೇವರಾಯರು ಆಳುತ್ತಿದ್ದ ಕಾಲ ಅದು. ಈ ಮಠಗಳನ್ನು ನಮ್ಮ ಮಠಗಳ ಅಳತೆಯಲ್ಲಿ ಎಣಿಸಬಾರದು. ಡ್ರೆಪುಂಗಿನ ಭಿಕ್ಷುಗಳ ಲೆಕ್ಕ ಸಂಪ್ರದಾಯದಂತೆ 7,700, ಗಾಂಡೆನ್ನಿನದು 3,300. ಅವು ಮಠವೂ ಹೌದು, ವಿಶ್ವವಿದ್ಯಾಲಯವೂ ಹೌದು.

1959ರ ಮಾರ್ಚ್ ತಿಂಗಳಲ್ಲಿ ಲಾಸಾದಲ್ಲಿ ಚೀನಾದ ವಿರುದ್ಧ ದಂಗೆ ಎದ್ದಿತು. ಮಾರ್ಚ್ 17ರ ರಾತ್ರಿ ದಲಾಯಿ ಲಾಮಾ ವೇಷ ಮರೆಸಿಕೊಂಡು ಹೊರಬಿದ್ದು, ಎರಡು ವಾರ ಹಿಮಾಲಯದ ದಾರಿ ಸವೆಸಿ, ಮಾರ್ಚ್ 31ಕ್ಕೆ ಭಾರತದ ಗಡಿ ದಾಟಿದರು. ಅವರ ಹಿಂದೆ ಸಾವಿರಾರು ಜನ ಬಂದರು. ಭಿಕ್ಷುಗಳಲ್ಲಿ ಸುಮಾರು ಒಂದೂವರೆ ಸಾವಿರ ಜನರನ್ನು ಬಂಗಾಲದ ಬಕ್ಸಾ ಎಂಬಲ್ಲಿ ಇಟ್ಟರು. ಭೂತಾನಿನ ಗಡಿಯ ಅಡವಿಯಲ್ಲಿರುವ ಆ ಕೋಟೆ ಬ್ರಿಟಿಷರ ಕಾಲದ ಸೆರೆಮನೆ. ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಕೋಣೆಗಳಲ್ಲಿ ಈ ಭಿಕ್ಷುಗಳು ಕುಳಿತು ತಮ್ಮ ಪಾಠ ಮುಂದುವರಿಸಿದರು. ತಂಪು ನಾಡಿನವರಿಗೆ ಆ ಸೆಕೆ, ಆ ಥಂಡಿ ನೆಲ ಒಗ್ಗಲಿಲ್ಲ. ಕ್ಷಯರೋಗ ಬಂತು, ಬಹಳ ಜನ ಸತ್ತರು. ಇದ್ದವರು ಕೈಯಲ್ಲಿದ್ದ ಪುಸ್ತಕ ಬಿಡಲಿಲ್ಲ.

ಈ ಜನರಿಗೆ ನೆಲ ಕೊಡಲು ಮೊದಲು ಮುಂದೆ ಬಂದ ರಾಜ್ಯಗಳಲ್ಲಿ ನಮ್ಮದು, ಆಗಿನ ಮೈಸೂರು ರಾಜ್ಯ, ಮುಖ್ಯವಾದದ್ದು. ಇದರಲ್ಲಿ ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟ್ಟಿನವರು ಈಗಲೂ ನೆನೆಯುತ್ತಾರೆ. 1960ರ ಕೊನೆಗೆ ಬೈಲಕುಪ್ಪೆಯಲ್ಲಿ ಮೊದಲ ನೆಲೆ ಆರಂಭವಾಯಿತು. ಮುಂದೆ ಹುಣಸೂರು, ಕೊಳ್ಳೇಗಾಲಗಳ ಕಡೆಗೂ ನೆಲೆಗಳಾದವು. ಮುಂಡಗೋಡದ್ದು 1966ರಲ್ಲಿ, ಸುಮಾರು 4,000 ಎಕರೆ. ಟಿಬೆಟ್ಟಿನವರು ಇದನ್ನು ದೋಗುಲಿಂಗ್ ಎನ್ನುತ್ತಾರೆ. ನಮ್ಮ ಜನರ ಬಾಯಲ್ಲಿ ಟಿಬೆಟನ್ ಕಾಲೋನಿ. 1969ರ ಹೊತ್ತಿಗೆ ಬಕ್ಸಾದಲ್ಲಿ ಉಳಿದಿದ್ದ ಭಿಕ್ಷುಗಳು ದಕ್ಷಿಣಕ್ಕೆ ಬಂದರು. ಸೆರಾದವರು ಬೈಲಕುಪ್ಪೆಗೆ, ಗಾಂಡೆನ್ ಮತ್ತು ಡ್ರೆಪುಂಗಿನವರು ಮುಂಡಗೋಡಕ್ಕೆ. ಹನ್ನೊಂದು ಸಾವಿರ ಭಿಕ್ಷುಗಳ ಎರಡು ಮಠಗಳಿಂದ ಮುಂಡಗೋಡಕ್ಕೆ ಬಂದು ಮುಟ್ಟಿದವರು ಕೆಲವೇ ನೂರು ಜನ.

ನಾನು ಹೋದದ್ದು ನಿವೃತ್ತಿಯಾದ ಮೇಲೆ, ಒಂದು ಕಾರ್ತೀಕ ಮಾಸದಲ್ಲಿ. ಜೊತೆಗೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ. ಮುಂಡಗೋಡ ಸಂತೆಗೆ ಕಾಯಿಪಲ್ಲೆ ಒಯ್ಯುವವ, ಆ ಭಾಗದ ಓಣಿ ಓಣಿ ಬಲ್ಲವ. ತಡಸ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ನವಲಗುಂದ, ಅಣ್ಣಿಗೇರಿಯ ಕಡೆಯವರಿಗೆ ಇದು ಹೊಸದಾಗಿ ಕಂಡೀತು. ಕರಿ ಎರೆ ಹಿಂದೆ ಉಳಿದು ಕೆಂಪು ಮಣ್ಣು, ಭತ್ತದ ಗದ್ದೆ, ಗೋವಿನಜೋಳ, ಆಮೇಲೆ ಸಾಗವಾನಿ ಗಿಡಗಳ ಸಾಲು. ಹುಬ್ಬಳ್ಳಿಯಿಂದ ಲೆಕ್ಕ ಹಾಕಿದರೆ ಸುಮಾರು 50 ಕಿ.ಮೀ. ಮುಂಡಗೋಡದ ಬಸ್‌ಸ್ಟ್ಯಾಂಡಿನಲ್ಲಿ "ಲಾಮಾ ಕ್ಯಾಂಪ್" ಎಂದರೆ ಆಟೊದವರು ಒಂದನೇದೋ ಎರಡನೇದೋ ಎಂದಷ್ಟೇ ಕೇಳುತ್ತಾರೆ. ಒಂದನೆಯದು ಗಾಂಡೆನ್, ಎರಡನೆಯದು ಡ್ರೆಪುಂಗ್.

ನಾವು ಎರಡನೆಯದಕ್ಕೆ ಹೋದೆವು. ಮಧ್ಯಾಹ್ನದ ಹೊತ್ತು. ದೊಡ್ಡ ಪ್ರಾರ್ಥನಾ ಮಂದಿರದ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ತಂಪು. ಕಂಬಗಳ ಸಾಲು, ಕಂಬಗಳಿಗೆ ಬಣ್ಣದ ಪತ್ತಲ, ನೆಲದ ಮೇಲೆ ಉದ್ದಕ್ಕೆ ಹಾಸಿದ ತಗ್ಗು ಗಾದಿಗಳು. ಎದುರಿಗೆ ಶಾಕ್ಯಮುನಿ ಬುದ್ಧ, ಹಳದಿ ಟೊಪ್ಪಿಗೆಯ ಚೋಂಖಾಪಾ. ತುಪ್ಪದ ದೀಪಗಳ ವಾಸನೆ. ಮೂಲೆಯಲ್ಲಿ ಒಬ್ಬ ಹುಡುಗ ಭಿಕ್ಷು ನೆಲ ಒರೆಸುತ್ತಿದ್ದ. ನಮ್ಮನ್ನು ನೋಡಿ ಪಕ್ಕಕ್ಕೆ ಸರಿದು, ಮತ್ತೆ ಒರೆಸಿದ. ಗಂಟೆ ಬಾರಿಸುವವರಿಲ್ಲ, ದಕ್ಷಿಣೆ ಕೇಳುವವರಿಲ್ಲ, ಮುಂದೆ ಹೋಗಿರಿ ಎನ್ನುವವರಿಲ್ಲ. ಅರ್ಧ ತಾಸು ಕುಳಿತೆವು. ಹೊರಗೆ ಗಾಳಿಗೆ ಪ್ರಾರ್ಥನೆಯ ಪತಾಕೆಗಳು ಪಟಪಟ ಎನ್ನುವುದು ಒಳಗಿನವರೆಗೆ ಕೇಳಿಸುತ್ತಿತ್ತು.

ಮಂದಿರದ ಹಿಂದಿನ ಮನೆಸಾಲಿನಲ್ಲಿ ಒಬ್ಬ ವಯಸ್ಸಾದ ಭಿಕ್ಷು ಬಿಸಿಲಿಗೆ ಕುಳಿತಿದ್ದರು. ಎಂಬತ್ತರ ಆಸುಪಾಸು. ನನ್ನ ಜೊತೆಯ ಹುಡುಗ ಅವರಿಗೆ ನಮ್ಮ ಮಠದ ಸ್ವಾಮಿಗಳಿಗೆ ಅನ್ನುವಂತೆಯೇ "ಶರಣ್ರೀ ಅಜ್ಜಾರ" ಅಂದ. ಅವರು ನಕ್ಕು, "ಬರ್ರಿ, ಕುಂದರ್ರಿ. ಚಾ ಕುಡೀತೀರಿ?" ಎಂದು ನಮ್ಮ ಕಡೆಯ ಕನ್ನಡದಲ್ಲೇ ಕೇಳಿದರು. ಬಕ್ಸಾದಿಂದ ಬಂದ ತಂಡದಲ್ಲಿ ಅವರೂ ಒಬ್ಬರು.

"ಆವಾಗ ಇಲ್ಲಿ ಏನಿತ್ರೀ ಅಜ್ಜಾರ?" ಎಂದೆ.

"ಗಿಡ. ಬರೇ ಗಿಡ. ಮಳಿ ಹತ್ತಿದ್ರ ಅರಿವಿ ಒಣಗತಿದ್ದಿಲ್ಲ. ಗುಡಾರದಾಗ ಪುಸ್ತಕ ತೊಯ್ಯಬಾರದಂತ ಅದಕ್ಕ ಮೊದಲ ಹೊದಿಸೂದು, ಆಮ್ಯಾಲ ನಾವು."

ಕನ್ನಡ ಯಾರು ಕಲಿಸಿದರು ಎಂದು ಕೇಳಿದ್ದಕ್ಕೆ, "ಎತ್ತು" ಎಂದರು. ಹೊಲ ಹೂಡಲು ಕಲಿಸಲಿಕ್ಕೆ ಪಕ್ಕದ ಹಳ್ಳಿಯ ರೈತನೊಬ್ಬ ಬರುತ್ತಿದ್ದನಂತೆ. ಎತ್ತುಗಳಿಗೆ ಟಿಬೆಟ್ಟಿನ ಭಾಷೆ ತಿಳಿಯದು. ಹಾಗಾಗಿ ಇವರು ಕಲಿತ ಮೊದಲ ಕನ್ನಡ ಎತ್ತಿಗೆ ಹೇಳುವ ಕನ್ನಡ. ತತ್ವಶಾಸ್ತ್ರ ಓದಿದ ಭಿಕ್ಷುಗಳು ಹಗಲು ನೇಗಿಲು ಹಿಡಿದು, ಸಂಜೆ ಪಾಠಕ್ಕೆ ಕೂಡುತ್ತಿದ್ದ ದಿನಗಳವು. ಚಹಾ ಬಂತು, ನಮಗಾಗಿ ಸಕ್ಕರೆ ಹಾಕಿದ ಚಹಾ, ಅವರಿಗೆ ಉಪ್ಪು ಬೆಣ್ಣೆಯದು.

ನಾನು ತಾರೆಯ ವಿಷಯ ತೆಗೆದೆ. ಅವರು ಎದ್ದು ತಮ್ಮ ಕೋಣೆಯೊಳಗೆ ಕರೆದರು. ಗೋಡೆಯ ಮೇಲೆ ಬಟ್ಟೆಯಲ್ಲಿ ಬರೆದ ಚಿತ್ರ: ಹಸಿರು ಮೈಯ ದೇವಿ, ಬಲಗಾಲು ಕೆಳಗೆ ಚಾಚಿ, ಈಗ ಏಳುತ್ತಾಳೆ ಎನ್ನುವ ಹಾಗೆ ಕುಳಿತಿದ್ದಾಳೆ. ಟಿಬೆಟ್ಟಿನ ಭಾಷೆಯಲ್ಲಿ ಅವಳ ಹೆಸರು ಡೋಲ್ಮಾ, ಅಂದರೆ ಪಾರುಮಾಡುವವಳು. ಅಲ್ಲಿಯ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರಿಗೆ ಇದೇ ಹೆಸರು. ನಮ್ಮಲ್ಲಿ ಎಲ್ಲವ್ವ, ಪಾರವ್ವ ಇದ್ದ ಹಾಗೆ. ಮಠಗಳಲ್ಲಿ ಇಪ್ಪತ್ತೊಂದು ತಾರೆಯರ ಸ್ತುತಿಯನ್ನು ಹೇಳುವ ರೂಢಿ ಇದೆ. ನಾನು ಡಂಬಳದ ಶಾಸನದ ಎಂಟು ಭಯಗಳನ್ನು ಬೆರಳು ಮಡಚಿ ಹೇಳತೊಡಗಿದೆ. ಸಿಂಹ, ಆನೆ, ಬೆಂಕಿ ಎನ್ನುವಷ್ಟರಲ್ಲಿ ಮುಂದಿನವನ್ನು ಅವರೇ ಹೇಳಿದರು. ಹಾವು, ಕಳ್ಳರು, ಸಂಕೋಲೆ, ನೀರು, ದೆವ್ವ. ಅವರ ಪಟ್ಟಿಯಲ್ಲಿಯೂ ಎಂಟೇ. "ಎಲ್ಲಿ ಬರದಾರ?" ಎಂದು ಕೇಳಿದರು. ಇಲ್ಲಿಂದ ಮುಂಜಾನೆ ಹೊರಟರೆ ಮಧ್ಯಾಹ್ನದೊಳಗೆ ಮುಟ್ಟುವ ಊರಿನಲ್ಲಿ, 900 ವರ್ಷದ ಹಿಂದೆ, ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾವು ಹೊಸ ಊರಿಗೆ ಬಂದೇವಿ ಅಂತ ತಿಳ್ಕೊಂಡಿದ್ವಿ" ಅಂದರು.

ಸಂಕೋಲೆಯ ಭಯ ಎನ್ನುವಾಗ ಅವರ ಮನಸ್ಸಿಗೆ ಬಕ್ಸಾ ಬಂದಿತೋ ಏನೋ. ಕೇಳುವುದು ಸರಿ ಅನಿಸಲಿಲ್ಲ.

ಶಾಂತಿ ಬೇಕೆಂದು ಬರುವವರು ಸಂಜೆಯ ಹೊತ್ತಿಗೆ ಇಲ್ಲಿ ತಬ್ಬಿಬ್ಬಾಗುತ್ತಾರೆ. ಬಯಲಿನಲ್ಲಿ ನೂರಾರು ಭಿಕ್ಷುಗಳು ಜೋಡಿ ಜೋಡಿಯಾಗಿ ವಾದಕ್ಕೆ ನಿಲ್ಲುತ್ತಾರೆ. ಉತ್ತರ ಹೇಳುವವನು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನೆ ಹಾಕುವವನು ನಿಂತು, ಪ್ರಶ್ನೆ ಮುಗಿಯುತ್ತಲೂ ಎಡಗಾಲು ಅಪ್ಪಳಿಸಿ ಎರಡೂ ಕೈ ಚಟ್ಟನೆ ತಟ್ಟುತ್ತಾನೆ. ಎಲ್ಲರೂ ಒಮ್ಮೆಲೇ. ದೂರದಿಂದ ಕೇಳಿದರೆ ಬಡಿದಾಟವೇ ಹತ್ತಿದೆ ಎನ್ನಬೇಕು. ಹತ್ತಿರ ಹೋಗಿ ನೋಡಿದರೆ ಕುಳಿತವನೂ ನಗುತ್ತಿರುತ್ತಾನೆ. ಮಾಸ್ತರಿಕೆ ಮಾಡಿದವನಿಗೆ ಇದಕ್ಕಿಂತ ಚಂದದ ನೋಟ ಸಿಗಲಾರದು. ಪ್ರಶ್ನೆ ಕೇಳುವ ಹುಡುಗ ನಿಂತಿದ್ದಾನೆ, ಉತ್ತರ ಕೊಡಬೇಕಾದವ ಕುಳಿತಿದ್ದಾನೆ. ನಮ್ಮ ಕ್ಲಾಸಿನಲ್ಲಿ ಇದು ತಿರುಗಾಮುರುಗಾ.

ಅವರು ವಾದಿಸುವುದು ಯಾವುದರ ಮೇಲೆ ಎಂಬುದು ಇನ್ನೂ ದೊಡ್ಡ ಸಂಗತಿ. ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ. ಎಲ್ಲವೂ ಭಾರತದ ಪಂಡಿತರು ಸಂಸ್ಕೃತದಲ್ಲಿ ಬರೆದವು. ಧರ್ಮಕೀರ್ತಿಗೆ ಉತ್ತರ ಕೊಡಲಿಕ್ಕೆಂದೇ ಅಕಲಂಕನಂಥ ಜೈನ ತಾರ್ಕಿಕರು ಗ್ರಂಥ ಬರೆದರು. ಅಕಲಂಕನ ಹೆಸರನ್ನು ಕರ್ನಾಟಕದ ಜೈನ ಪರಂಪರೆ ಇಂದಿಗೂ ಗೌರವದಿಂದ ಹೇಳುತ್ತದೆ. ಇಲ್ಲಿ ವಾದದ ಒಂದು ಕಡೆ ಉಳಿಯಿತು, ಇನ್ನೊಂದು ಕಡೆಯವರು ಕಾಣೆಯಾದರು. ಪ್ರಮಾಣವಾರ್ತಿಕದ ಸಂಸ್ಕೃತ ಮೂಲವೇ ಭಾರತದಲ್ಲಿ ಕಳೆದುಹೋಗಿತ್ತು. 1930ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿಗೆ ಹೋಗಿ ಅಲ್ಲಿಯ ಮಠಗಳಲ್ಲಿ ಹಸ್ತಪ್ರತಿ ಹುಡುಕಿ ತರಬೇಕಾಯಿತು. ಆ ಗ್ರಂಥದ ಟಿಬೆಟ್ಟಿನ ಅನುವಾದವನ್ನು ಬಾಯಿಪಾಠ ಮಾಡಿ ಚಪ್ಪಾಳೆ ತಟ್ಟಿ ಪ್ರಶ್ನಿಸುವ ಹುಡುಗರು ಈಗ ನಮ್ಮ ಅಡವಿಯ ಅಂಚಿನಲ್ಲಿದ್ದಾರೆ. ಈ ಓದು ಮುಗಿಸಿ ಗೇಶೆ ಪದವಿ ಪಡೆಯಲು ಇಪ್ಪತ್ತು ವರ್ಷದ ಹತ್ತಿರ ಬೇಕು. ಹೆಣ್ಣುಮಕ್ಕಳಿಗೆ ಈ ಪದವಿ ಇರಲಿಲ್ಲ. 2016ರ ಡಿಸೆಂಬರಿನಲ್ಲಿ 20 ಜನ ಭಿಕ್ಷುಣಿಯರು ಮೊಟ್ಟಮೊದಲ ಬಾರಿಗೆ ಗೇಶೆಮಾ ಪದವಿ ಪಡೆದರು. ಶತಮಾನಗಳ ಕಾಲ ಟಿಬೆಟ್ಟಿನಲ್ಲಿ ಆಗದ ಆ ಕೆಲಸ ಆದದ್ದು ಮುಂಡಗೋಡದಲ್ಲಿ.

ನಮ್ಮ ಶಾಲೆಯ ಕನ್ನಡ ಮಾಸ್ತರರಿಗಾಗಿ ಒಂದು ಮಾತು ಬರೆದಿಡುತ್ತೇನೆ. ಚಿಕ್ಕ ಹುಡುಗನೊಬ್ಬ ಹಲಗೆಯ ಮೇಲೆ ಅಕ್ಷರ ತಿದ್ದುತ್ತಿದ್ದ. ಓದು ಎಂದೆ. ಕ, ಖ, ಗ, ಙ ಎಂದು ಓದಿದ. ಆಮೇಲೆ ಚ, ಛ, ಜ, ಞ. ಘ ಇಲ್ಲ, ಝ ಇಲ್ಲ. ಉಳಿದ ಸಾಲು ನಮ್ಮದೇ. ಏಳನೆಯ ಶತಮಾನದಲ್ಲಿ ಭಾರತದ ಲಿಪಿಯನ್ನು ನೋಡಿ ಟಿಬೆಟ್ಟಿನ ಲಿಪಿಯನ್ನು ಮಾಡಿಕೊಂಡರು. ಬ್ರಾಹ್ಮಿ ಅವರ ಲಿಪಿಗೂ ಮೂಲ, ನಮ್ಮ ಕನ್ನಡ ಲಿಪಿಗೂ ಮೂಲ. ಒಂದನೇ ತರಗತಿಯ ಮಟ್ಟಿಗೆ ನಾವು ಅವರು ಒಂದೇ ಮನೆಯವರು.

ಇನ್ನೊಂದು ವಿಷಯವನ್ನು ಬಿಟ್ಟು ಈ ಲೇಖನ ಮುಗಿಸಿದರೆ ಸರಿಯಾಗದು. ಭೂಮಿಯ ವಿಷಯ. "ನಮ್ಮ ಬಡವರಿಗೆ ಇಲ್ಲದ ಭೂಮಿ ಅವರಿಗ್ಯಾಕ?" ಎಂಬ ಮಾತು ನಮ್ಮ ಕಟ್ಟೆಗಳ ಮೇಲೆ ಈಗಲೂ ಬರುತ್ತದೆ. ಆ ಮಾತಿನಲ್ಲಿ ಬರೀ ಹೊಟ್ಟೆಕಿಚ್ಚು ಇದೆ ಎಂದು ನಾನು ಹೇಳಲಾರೆ. ಕಾಗದದ ಮೇಲೆ ಅಡವಿ ಎಂದಿದ್ದರೂ ಈ ಭಾಗದ ಅಡವಿ ಯಾವತ್ತೂ ಖಾಲಿ ಇದ್ದದ್ದಲ್ಲ. ಕಲಘಟಗಿ, ಮುಂಡಗೋಡ, ಯಲ್ಲಾಪುರ, ಹಳಿಯಾಳದ ಪಟ್ಟಿಯಲ್ಲಿ ಗೌಳಿಗಳು ಎಮ್ಮೆ ಮೇಯಿಸಿದವರು. ಸಿದ್ದಿಗಳು ಜೇನು, ಕಟ್ಟಿಗೆಯಲ್ಲಿ ಬದುಕಿದವರು. ಇವರಲ್ಲಿ ಎಷ್ಟೋ ಮನೆತನಗಳಿಗೆ ಇವತ್ತಿಗೂ ಕಾಲ ಕೆಳಗಿನ ನೆಲದ ಪಟ್ಟಾ ಇಲ್ಲ. ಸರ್ಕಾರ ಒಬ್ಬರಿಗೆ ತೋರಿಸಿದ ಔದಾರ್ಯವನ್ನು ಇನ್ನೊಬ್ಬರಿಗೂ ತೋರಿಸಬೇಕಿತ್ತು ಎಂಬುದು ನ್ಯಾಯ. ಆದರೆ ಆ ಸಿಟ್ಟನ್ನು ಗುಡಾರದಲ್ಲಿ ಪುಸ್ತಕ ಹೊದಿಸಿ ತಾವು ತೊಯ್ದವರ ಮೇಲೆ ತೀರಿಸುವುದು ನ್ಯಾಯವಲ್ಲ. ಕೊಟ್ಟ ನೆಲವೂ ಅವರ ಹೆಸರಿನ ಸ್ವಂತ ಆಸ್ತಿಯಲ್ಲ.

ದಿನದ ಬದುಕಿನಲ್ಲಂತೂ ಎರಡೂ ಕಡೆಯವರು ಹೆಣೆದುಕೊಂಡೇ ಇದ್ದಾರೆ. ಮಠದ ಕಟ್ಟಡ ಕಟ್ಟುವ ಗೌಂಡಿ ನಮ್ಮವ, ಆಟೊ ಓಡಿಸುವವ ನಮ್ಮವ, ಕ್ಯಾಂಪಿನ ಹೊಲವನ್ನು ಲಾವಣಿ ಹಾಕಿಕೊಂಡು ಮಾಡುವವ ನಮ್ಮ ರೈತ. ನನ್ನ ಜೊತೆಗೆ ಬಂದ ಹಳೆಯ ವಿದ್ಯಾರ್ಥಿಯ ಹತ್ತಿರ ಕೊತ್ತಂಬರಿ, ಮೂಲಂಗಿ ಕೊಳ್ಳುವ ಅಜ್ಜಿಯರು ಅವನ ಜೊತೆ ಚೌಕಾಸಿ ಮಾಡಿದ್ದನ್ನು ನಾನೇ ಕೇಳಿದೆ. ಒಂದು ಸೂಡು ಕೊತ್ತಂಬರಿಗೆ ಆ ಅಜ್ಜಿ ಆಡಿದ ಕನ್ನಡಕ್ಕೆ ನೂರಕ್ಕೆ ನೂರು ಅಂಕ ಕೊಡಬಹುದು.

ಕ್ಯಾಂಪುಗಳಲ್ಲಿ ಹೀಗೆ ಅಜ್ಜ ಅಜ್ಜಿಯರೇ ಹೆಚ್ಚು ಕಾಣುತ್ತಾರೆ. ಹರೆಯದವರು ಬೆಂಗಳೂರಿಗೆ, ದಿಲ್ಲಿಗೆ, ಆದರೆ ಅಮೆರಿಕ, ಕೆನಡಾಕ್ಕೆ ಹೋಗುತ್ತಿದ್ದಾರೆ. ನಮ್ಮ ಹಳ್ಳಿಗಳ ಕಥೆಯೂ ಇದೇ; ಒಂದು ಕಾಲಕ್ಕೆ ಕ್ಲಾಸಿನಲ್ಲಿ ಕೂಡಲು ಜಾಗವಿಲ್ಲದ ನಮ್ಮ ಶಾಲೆಯಲ್ಲಿ ಈಗ ಹಾಜರಿ ಎಷ್ಟೆಂದು ಓದುಗರಿಗೆ ಗೊತ್ತಿದೆ. ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಹುಡುಗ ಎಲ್ಲಿಗೆ ಹೋದರೂ ತಿರುಗಿ ಬರಲು ಊರಿದೆ. ಇಲ್ಲಿಯೇ ಹುಟ್ಟಿ, ಇಲ್ಲಿಯೇ ಕನ್ನಡ ಕಲಿತ ಟಿಬೆಟ್ಟಿನ ಹುಡುಗರಲ್ಲಿ ಬಹಳ ಜನ ಪರದೇಶದವರೆಂದು ನೋಂದಣಿ ಪತ್ರ ಇಟ್ಟುಕೊಂಡು, ಅವಧಿ ಮುಗಿದಾಗ ಅದನ್ನು ನವೀಕರಿಸಿಕೊಳ್ಳಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು. ಟಿಬೆಟ್ಟಿನವರಿಗೂ ಇದು ಅನ್ವಯಿಸುತ್ತದೆಂದು ದಿಲ್ಲಿ ಹೈಕೋರ್ಟು 2010ರಲ್ಲಿ ಹೇಳಿದೆ. ಪಡೆಯಬಹುದಾದವರೂ ಎಲ್ಲರೂ ಪಡೆದಿಲ್ಲ. ನಾಗರಿಕತ್ವ ತೆಗೆದುಕೊಂಡರೆ ತಿರುಗಿ ಹೋಗುವ ಆಸೆಯನ್ನೇ ಬಿಟ್ಟ ಹಾಗೆ ಎಂದು ಹಿರಿಯರಿಗೆ ಅನಿಸುತ್ತದೆ. ಇತ್ತ ಟಿಬೆಟ್ಟಿನಿಂದ ಬರುವವರು 2008ರಿಂದೀಚೆಗೆ ಬಹಳ ಕಡಿಮೆಯಾಗಿದ್ದಾರೆ. ಮಠದ ಗಾದಿಗಳ ಮೇಲೆ ಈಗ ಲಡಾಖ್, ಅರುಣಾಚಲ, ನೇಪಾಳದ ಹುಡುಗರು ಕುಳಿತಿದ್ದಾರೆ. ಅನ್ನ ಹಾಕುವವರಿಲ್ಲದೆ ಡಂಬಳದ ವಿಹಾರ ಸುಮ್ಮನಾಯಿತು ಎಂದು ಮೇಲೆ ಬರೆದೆನಲ್ಲ. ಆ ಅಜ್ಜಾರು ನನ್ನನ್ನು ಕೇಳಿದ ಕೊನೆಯ ಪ್ರಶ್ನೆಯೂ ಅದೇ ಆಗಿತ್ತು. "ಆ ಊರಾಗ ಈಗ ಯಾರದಾರ?" ಯಾರೂ ಇಲ್ಲ, ಕಲ್ಲಷ್ಟೇ ಇದೆ ಎಂದೆ. "ಕಲ್ಲು ಓದಾವ್ರು?" ಎಂದರು. ನಾವಿದ್ದೇವೆ ಎಂದೆ.

ಹೋಗಬೇಕೆನ್ನುವ ಶಾಲೆಯವರಿಗೆ: ಭಾರತೀಯರಿಗೆ ಯಾವ ಪರವಾನಿಗೆಯೂ ಬೇಡ, ಪರದೇಶದವರು ಅಲ್ಲಿ ಉಳಿಯಬೇಕಾದರೆ ಮಾತ್ರ ಮೊದಲೇ ಸರ್ಕಾರದ ಪರವಾನಿಗೆ ತೆಗೆದುಕೊಳ್ಳಬೇಕು. ಹೊಸ ವರ್ಷದ ಲೋಸಾರ್ ಹಬ್ಬ ಫೆಬ್ರುವರಿ, ಮಾರ್ಚಿನ ಸುತ್ತ ಬರುತ್ತದೆ, ಆಗ ಗದ್ದಲ ಜಾಸ್ತಿ. ಮಕ್ಕಳನ್ನು ಮಧ್ಯಾಹ್ನ ಮುಟ್ಟಿಸಿ, ಮಂದಿರದಲ್ಲಿ ಕೂಡಿಸಿ, ವಾದ ನೋಡಿದ ಮೇಲೆಯೇ ಹೊರಡಿಸಬೇಕು. ಬಸ್ ಸಿಗುವುದು ತಡವಾಗುತ್ತದೆ. ಗಾಡಿ ಮಾಡಿಕೊಂಡು ಹೋಗುವುದು ಒಳ್ಳೆಯದು.